ನನ್ನ ಹೆಸರು ಕೇಳಿದವಳಿಗೆ

ನನ್ನ ಹಾಲುಂಡ ಮಗಳೇ,

ನಿನಗೆ ಹೆಣ್ಣುಮಗು ಹುಟ್ಟಿದ ಸುದ್ದಿಯನ್ನೂ, ಅದಕ್ಕೆ ನನ್ನ ಹೆಸರಿಡುತ್ತೇನೆಂದು ನೀನು ಬರೆದ ನಾಲ್ಕು ಸಾಲನ್ನೂ ನನ್ನ ಮಗ ಊಟದ ಹೊತ್ತಿನಲ್ಲಿ ಓದಿ ಹೇಳಿದ. ಮಗು ಆರೋಗ್ಯವಾಗಿದೆಯೆಂದು ಕೇಳಿ ಸಂತೋಷವಾಯಿತು. ಆ ಸಂತೋಷದಲ್ಲಿ ಕಲಬೆರಕೆಯಿಲ್ಲ. ಆದರೆ "ಹಲೀಮಾ ಅಂದ್ರೆ ತಾಳ್ಮೆ ಇರೋಳು ಅಂತೆ, ಎಷ್ಟು ಚೆನ್ನಾಗಿದೆ" ಎಂದು ಕೊನೆಯಲ್ಲಿ ಬರೆದಿದ್ದೀಯಲ್ಲ, ಅಲ್ಲಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. ಆ ಹೆಸರಿನೊಳಗೆ ಐವತ್ತೆಂಟು ವರ್ಷ ಬಾಳಿದವಳು ನಾನು. ಅರ್ಥವನ್ನು ನನ್ನಿಂದಲೂ ಸ್ವಲ್ಪ ಕೇಳು.

ಹೆಸರಿಟ್ಟದ್ದು ನನ್ನ ಅಜ್ಜಿ. ಪ್ರವಾದಿಯವರಿಗೆ ಎದೆಹಾಲು ಕೊಟ್ಟು ಸಾಕಿದ ತಾಯಿಯ ಹೆಸರದು. ಮರುಭೂಮಿಯ ಹೆಂಗಸರು ಪಟ್ಟಣದ ಕೂಸುಗಳನ್ನು ಸಾಕಲು ಒಯ್ಯುತ್ತಿದ್ದರಂತೆ. ಒಳ್ಳೆಯ ಮನೆಯ ಕೂಸುಗಳೆಲ್ಲ ಬೇರೆಯವರ ಪಾಲಾದವು. ತಂದೆಯಿಲ್ಲದ ಒಂದು ಕೂಸನ್ನು ಮಾತ್ರ ಎಲ್ಲರೂ ಒಲ್ಲೆವೆಂದರು. ಬರಿಗೈಯಲ್ಲಿ ಹೋಗುವುದಕ್ಕಿಂತ ಇದೇ ಆಗಲಿ ಎಂದು ಹಲೀಮಾ ಎತ್ತಿಕೊಂಡಳು. ಕೂಸು ಮಡಿಲಿಗೆ ಬಂದದ್ದೇ ತಡ, ಬತ್ತಿದ ಎದೆ ತುಂಬಿತು, ಕಾಲೆಳೆಯುತ್ತಿದ್ದ ಕತ್ತೆ ಎಲ್ಲರಿಗಿಂತ ಮುಂದೆ ಓಡಿತು. ಕತ್ತೆ ಓಡುವ ಜಾಗ ಬಂದಾಗ ಅಜ್ಜಿ ಮಂಚದ ಮೇಲೆ ಕುಲುಕಾಡಿ ತೋರಿಸುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ನೀನು ಹುಟ್ಟಿದಾಗ ನಾನು ಅಂಗಿ ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿದ್ದೆ. ಮೆಟ್ಟಿಲ ಕೆಳಗಿನ ಒಂದೂವರೆ ಕೋಣೆ ನಮ್ಮದು, ಮೂರನೇ ಮಹಡಿ ನಿಮ್ಮದು. ನಿನ್ನ ತಾಯಿ ಶಾಲೆಯ ಹೆಡ್‌ಮೇಡಂ. ಹೆರಿಗೆಯ ಜ್ವರದಲ್ಲಿ ಅವರ ಹಾಲು ನಿಂತುಹೋಯಿತು. ಏಳು ತಿಂಗಳಿಗೇ ಹುಟ್ಟಿದ ನೀನು ಎರಡು ಹಿಡಿ ಹತ್ತಿಯಷ್ಟಿದ್ದೆ, ಬಾಟಲಿಯನ್ನು ತುಟಿಗೆ ತಾಗಿಸಗೊಡುತ್ತಿರಲಿಲ್ಲ. ನಿನ್ನ ಅಜ್ಜಿ ನಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಮೂರು ಮಹಡಿ ಇಳಿದು ಬಂದು ನನ್ನ ಬಾಗಿಲಲ್ಲಿ ನಿಂತರು.

"ನಿನ್ನ ಹೆಸರೇ ಹಲೀಮಾ. ಇಲ್ಲ ಅನ್ನೋಕಾಗುತ್ತಾ?" ಎಂದರು.

ನನ್ನ ಮಗನಿಗೆ ಆಗ ಮೂರು ತಿಂಗಳು. ಇಬ್ಬರಿಗೆ ಸಾಲುವಷ್ಟು ಹಾಲು ನನ್ನಲ್ಲಿರಲಿಲ್ಲ. ಕತೆಯಲ್ಲಿ ಆದ ಪವಾಡ ನಮ್ಮ ಒಂದೂವರೆ ಕೋಣೆಯ ದಾರಿ ಹಿಡಿಯಲಿಲ್ಲ. ಗಂಡುಹುಡುಗ, ಗಟ್ಟಿಮುಟ್ಟಾಗಿದ್ದಾನೆ, ಅವನು ಬಾಟಲಿಗೆ ಒಗ್ಗುತ್ತಾನೆ ಎಂದು ನನ್ನ ಅತ್ತೆಯೇ ತೀರ್ಮಾನಿಸಿದರು. ಒಗ್ಗಲು ಅವನಿಗೆ ಹನ್ನೊಂದು ದಿನ ಹಿಡಿಯಿತು. ಅವನು ಆಚೆಯ ಅರೆಕೋಣೆಯಲ್ಲಿ ಅಳುತ್ತಿದ್ದ. ಅವನ ಅಳು ಕಿವಿಗೆ ಬಿದ್ದಾಗ ನನ್ನ ಹಾಲು ತಾನಾಗಿ ಇಳಿಯುತ್ತಿತ್ತು, ಕುಡಿಯುತ್ತಿದ್ದವಳು ನೀನು. ಹೀಗೆ ಇಪ್ಪತ್ತು ತಿಂಗಳು. ಡಿಪೋದಲ್ಲಿ ಬಸ್ಸುಗಳ ಬ್ರೇಕು ಬಿಚ್ಚಿ ಕಟ್ಟುವ ಅವನು ಇಂದಿಗೂ, ತನ್ನ ಪಾಲಿನ ಹಾಲು ಕುಡಿದವಳು ಡಾಕ್ಟರಾದಳು, ತನಗೆ ಉಳಿದದ್ದು ಗ್ರೀಸು ಎಂದು ನಗುತ್ತಾನೆ. ನಾನು ನಗುವುದಿಲ್ಲ.

ಹಾಲು ಕೊಟ್ಟವಳು ತಾಯಿ, ಅದೇ ಹಾಲು ಕುಡಿದವರು ಅಣ್ಣತಂಗಿ, ಅವರಲ್ಲಿ ಮದುವೆ ಕೂಡದು ಎನ್ನುತ್ತದೆ ನಮ್ಮ ಧರ್ಮ. ಈ ಕಟ್ಟಳೆಯಲ್ಲಿ ನಿನ್ನ ಮನೆಯವರು ನೆನಪಿಟ್ಟುಕೊಂಡದ್ದು ಮದುವೆ ಕೂಡದು ಎಂಬ ತುಂಡನ್ನು ಮಾತ್ರ. ನೀನು ಒಂಬತ್ತು ವರ್ಷದವಳಾಗುವವರೆಗೂ "ಕೆಳಗಿನಮ್ಮ" ಎಂದು ಓಡಿ ಬರುತ್ತಿದ್ದೆ. ಆಮೇಲೆ ನೀವು ದೊಡ್ಡ ಮನೆಗೆ ಹೋದಿರಿ. ಹೊರಡುವ ದಿನ ನಿನ್ನ ತಾಯಿ, ಮಗು ಅಳುತ್ತೆ, ಎದುರಿಗೆ ಬರಬೇಡ ಎಂದು ಹೇಳಿಕಳಿಸಿದರು. ನಾನು ಬಾಗಿಲು ಹಾಕಿಕೊಂಡು ಕೂತೆ. ತಾಳ್ಮೆಯವಳಲ್ಲವೇ.

ಮೂರು ವರ್ಷದ ಹಿಂದೆ ಕಣ್ಣಿನ ಪೊರೆ ತೋರಿಸಲು ನಿನ್ನ ಆಸ್ಪತ್ರೆಗೆ ಬಂದಿದ್ದೆ. ನೀನು ಮೂವರು ಡಾಕ್ಟರುಗಳ ಜೊತೆ ಎದುರಿಗೇ ಬಂದೆ. ಮಂಜುಗಣ್ಣಿಗೂ ನಿನ್ನ ನಡಿಗೆ ಗುರುತು ಸಿಕ್ಕಿತು. ಮಗಳೇ ಎಂದು ಕೂಗಿ ಕೈ ಹಿಡಿದೆ. ಅವರಲ್ಲೊಬ್ಬಳು ಯಾರೆಂದು ಕೇಳಿದಳು.

"ಮುಂಚೆ ನಮ್ಮ ಬಿಲ್ಡಿಂಗಲ್ಲಿ ಮೆಟ್ಟಿಲು ಗುಡಿಸ್ತಿದ್ರು" ಎಂದೆ ನೀನು, ಮೆಲ್ಲಗೆ ಕೈ ಬಿಡಿಸಿಕೊಳ್ಳುತ್ತ.

ಮೆಟ್ಟಿಲು ಗುಡಿಸುವುದು ನಾಚಿಕೆಯ ಕೆಲಸವಲ್ಲ. ಆದರೆ ನಾನು ಗುಡಿಸಿರಲಿಲ್ಲ. ಅದು ನಿನಗೂ ಗೊತ್ತಿತ್ತು. ನಾನು ಮಾಡಿದ್ದೇನು ಗೊತ್ತೇ? ಹೌದೆಂದು ತಲೆಯಾಡಿಸಿದೆ. ನಿನ್ನ ಮಾನ ಉಳಿಸಿದೆ. ಆಮೇಲೆ ಚೀಟಿ ಹಿಡಿದುಕೊಂಡು ಎರಡು ಗಂಟೆ ಕಾದೆ.

ನನ್ನ ಅಜ್ಜಿ ಹೇಳುತ್ತಿದ್ದ ಕತೆಗೆ ಒಂದು ಕೊನೆಯಿದೆ. ವರ್ಷಗಳ ಮೇಲೆ ಹಲೀಮಾ ಮುಪ್ಪಿನಲ್ಲಿ ಪ್ರವಾದಿಯವರನ್ನು ನೋಡಲು ಬಂದಾಗ ಅವರು ಎದ್ದು ನಿಂತು, ನನ್ನ ತಾಯಿ, ನನ್ನ ತಾಯಿ ಎನ್ನುತ್ತ ತಮ್ಮ ಹೊದಿಕೆಯನ್ನೇ ನೆಲಕ್ಕೆ ಹಾಸಿ ಕೂರಿಸಿದರಂತೆ. ಈ ಹೆಸರನ್ನು ಹೊಗಳುವವರು ಹಾಲಿನ ಮಾತು ಆಡುತ್ತಾರೆ, ಹೊದಿಕೆಯ ಮಾತು ಎತ್ತುವುದಿಲ್ಲ.

ಇನ್ನೊಂದು ವಿಷಯ. ಹಲೀಮ್ ಎನ್ನುವುದು ದೇವರ ಹೆಸರುಗಳಲ್ಲೂ ಒಂದು. ಹೆಂಗಸರಿಗೆ ಕುರ್‌ಆನ್ ಹೇಳಿಕೊಡುವ ಟೀಚರೊಬ್ಬರು ಬಿಡಿಸಿ ಹೇಳಿದರು: ಶಿಕ್ಷಿಸುವ ಶಕ್ತಿ ಇದ್ದೂ ತಡೆಯುವವನು ಹಲೀಮ್. ಅಂದು ಮನೆಗೆ ಬಂದು ನನ್ನನ್ನೇ ಕೇಳಿಕೊಂಡೆ: ನನಗೆ ಯಾವ ಶಕ್ತಿ ಇತ್ತು? ಕಾರ್ಖಾನೆಯ ಮೇಸ್ತ್ರಿ ಬೈದಾಗ, ಗಂಡ ತಟ್ಟೆ ಎಸೆದಾಗ, ನಿನ್ನ ಅಜ್ಜಿ ಬಾಗಿಲಿಗೆ ಬಂದಾಗ, ಹೆಸರಿಗೆ ತಕ್ಕ ಹಾಗಿರು ಎಂದೇ ಎಲ್ಲರೂ ಹೇಳಿದರು. ಬೇರೆ ದಾರಿಯಿಲ್ಲದೆ ನುಂಗಿದ್ದನ್ನು ದೇವರ ಗುಣವೆಂದು ಕರೆದು ನನ್ನ ಬಾಯಿ ಮುಚ್ಚಿಸಿದರು.

"ಕ್ಷಮೆ ಕೇಳೋಕೆ ಅವಳಿಗೆ ಗೊತ್ತಾಗ್ತಿರೋದು ಹೀಗೇ ಇರ್ಬೇಕು, ಬೇಡ ಅನ್ಬೇಡಮ್ಮ" ಎಂದ ನನ್ನ ಮಗ. ಎರಡು ದಿನ ಯೋಚಿಸಿದೆ. ಹಾಗಿದ್ದರೆ ನಿನ್ನ ಬಾಯಿಂದಲೇ ಕೇಳು, ನನ್ನ ಬಾಗಿಲಿಗೆ ಬಂದು ಕೇಳು. ಆರು ದಿನದ ಕೂಸಿನ ತಲೆಯ ಮೇಲೆ ಅದನ್ನು ಹೊರಿಸಬೇಡ.

ನನ್ನ ಹೆಸರು ಅವಳಿಗೆ ಬೇಡ.

ಈ ಜನ್ಮದಲ್ಲಿ ನಾನು ಯಾರಿಗಾದರೂ ಬೇಡ ಎಂದದ್ದು ಇದೇ ಮೊದಲು; ಅದೂ ನಿನಗೇ ಹೇಳಬೇಕಾಯಿತು. ಕುಡಿದ ಹಾಲನ್ನು ಹಿಂದಕ್ಕೆ ಕೊಡಲಾಗದು, ಹಾಗಾಗಿ ನೀನು ಮಗಳಾಗಿಯೇ ಉಳಿಯುತ್ತೀಯ.

ಕೂಸು ಹಸಿದಾಗ ನಾಲ್ಕು ಮನೆಗೆ ಕೇಳುವಂತೆ ಅಳಲಿ, ನೂರು ವರ್ಷ ಬಾಳಲಿ. ನಿನ್ನ ಎದೆಯ ಹಾಲು ಅವಳೊಬ್ಬಳಿಗೇ ಸಲ್ಲಲಿ.

ಇಂತು ಹರಸುವ,
ಹಲೀಮಾ