ಯಲ್ಲಕ್ಕನ ಹೂಂ

ಗೋಕಾಕ, ಮಂಗಳವಾರ

ಅಕ್ಕಾ,

ಬೆಳಗಿನಿಂದ ಸಿಟ್ಟು ಇಳಿದಿಲ್ಲ. ರೋಗಿಗಳ ಒಪ್ಪಿಗೆಯ ಬಗ್ಗೆ ಪ್ರಬಂಧ ಬರೆಯಲೆಂದು ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೂತಿದ್ದೆ. ನಮ್ಮ ಮೈಸೂರು ಕಡೆಯ ಡಾಕ್ಟರು ಮಮದಾಪುರದ ಯಲ್ಲಕ್ಕನಿಗೆ, ನಾಳೆ ಗರ್ಭಕೋಶ ತೆಗೆಯುತ್ತೇವೆಂದು ಒಂದೇ ಉಸಿರಿನಲ್ಲಿ ವಿವರಿಸಿದರು. ಅವಳು ಮಾತುಮಾತಿಗೂ ಹೂಂ ಅಂದಳು. ‘ರೋಗಿ ಒಪ್ಪಿದ್ದಾರೆ’ ಎಂದು ಬರೆದು ಸಹಿ ಹಾಕಿಸಿಕೊಂಡರು.

ಹೊರಗೆ ಬಂದ ಮೇಲೆ ಏನು ತೆಗೆಯುತ್ತಾರಂತೆ ಎಂದು ಕೇಳಿದೆ.

“ಹೊಟ್ಟ್ಯಾಗಿನ ಗಂಟ್ ಇರಬೇಕ್ರಿ.”

“ಮತ್ತೆ ಹೂಂ ಅಂದಿರಲ್ಲ?”

“ಅಯ್ಯ ಅಕ್ಕಾರ, ಕತಿ ಹೇಳೂಮುಂದ ಹೂಂ ಅನ್ನಂಗಿಲ್ಲೇನ್ರಿ? ಅನ್ನಲಿಲ್ಲಂದ್ರ ಹೇಳಾವ್ರಿಗೆ ಅವಮಾನ ಆಗತೈತಿ.”

ಮಕ್ಕಳಾಗುವ ಚೀಲವನ್ನೇ ತೆಗೆಯುತ್ತಾರೆ ಎಂದು ಬಿಡಿಸಿ ಹೇಳಿದೆ. ಮೂವತ್ತೆರಡು ವರ್ಷದವಳು, ಮಗು ಬೇಕೆಂದೇ ಆಸ್ಪತ್ರೆಗೆ ಬಂದವಳು, ತಿರುಗಿ ಡಾಕ್ಟರ ಕೋಣೆಯತ್ತ ನಡೆದಳು.

ಇಬ್ಬರೂ ಒಳಗೆ ಹೋದೆವು. “ಆಗಲೇ ಒಪ್ಪಿದ್ದೀರಲ್ಲಮ್ಮ!” ಎಂದು ಅವಳಿಗೆ ಹೇಳಿ ಡಾಕ್ಟರು ನನ್ನನ್ನು ದುರುಗುಟ್ಟಿ ನೋಡಿದರು. “ಕೇಳಾಕತ್ತೇನಿ ಅಂತ ಹೂಂ ಅಂದೇನ್ರಿ, ತಗೀರಿ ಅಂತ ಅಲ್ಲ,” ಎಂದು ಯಲ್ಲಕ್ಕ ಅವರದೇ ಪೆನ್ನು ತೆಗೆದುಕೊಂಡು ತನ್ನ ಸಹಿಯ ಮೇಲೆ ಗೀಟೆಳೆದಳು.

ನನ್ನ ಮಂಡಿನೋವು ವಾಸಿ, ಮಾತ್ರೆ ಕಳಿಸಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಇನ್ನು ನಾನು ಫೋನಿನಲ್ಲಿ ಹೂಂ ಅಂದರೆ ಒಪ್ಪಿದೆನೆಂದು ತಿಳಿಯಬೇಡ.

ವಿಮಲ