ಆರು ಗಂಟೆಯ ಗುಳಿಗೆ

2 ಸೆಪ್ಟೆಂಬರ್ 2024, ಬೆಳಿಗ್ಗೆ 7

ಹೆಂಡತಿ ಸಿತಾರಾ ಹೇಗಿದ್ದಾಳೆ? ಚಹಾ ಕುಡಿದಳು. ಎಡಗೈ ಇನ್ನೂ ಹಾಗೇ. ಮಗ ಅಕೀಬ? ಬೆನ್ನುನೋವು, ಆದರೂ ಅಂಗಡಿಗೆ ಹೋದ. ಸೊಸೆ ಮಹೆಕ? ನೆಗಡಿ, ಹೇಳಿಕೊಳ್ಳುವುದಿಲ್ಲ. ನಾನು? ಮಂಡಿ ಬಿಟ್ಟರೆ ಛಲೋ. ಶಿರಗುಪ್ಪಿಯ ತಮ್ಮನಿಗೆ ಪತ್ರ ಬರೆದು ಬರೆದು ದಿನಚರಿಯಲ್ಲೂ ಕ್ಷೇಮ ಕೇಳುವ ಚಟ.

ನಿನ್ನೆ ಬಹಳ ಹೆದರಿದೆವು. ಸಂಜೆ ಆರರ ಗುಳಿಗೆ — ರಕ್ತ ಹೆಪ್ಪುಗಟ್ಟದಂತೆ ಕೊಡುವುದು — ನಾನೂ ಕೊಟ್ಟೆ, ಮಹೆಕಳೂ ಕೊಟ್ಟಳು. ಸಿತಾರಾಳ ವಸಡಿನಿಂದ ರಕ್ತ. ಜೂನ್‌ನಲ್ಲಿ ಲಕ್ವಾ ಹೊಡೆದಾಗಿನಿಂದ ಅವಳಿಗೆ ಮಾತಿಲ್ಲ. ಆಗಲೇ ತೆಗೆದುಕೊಂಡೆ ಎಂದು ಹೇಳಲೂ ಆಗದು. ನನ್ನ ಕೆಲಸಗಳ ಪಟ್ಟಿ ಕೆಳಗಿನ ಕಂಪ್ಯೂಟರಿನಲ್ಲಿ. ಸೊಸೆಯದು ಮೇಲಿನ ಲ್ಯಾಪ್‌ಟಾಪಿನಲ್ಲಿ. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ.

3 ಸೆಪ್ಟೆಂಬರ್, ಮಧ್ಯಾಹ್ನ

ಮಹೆಕ ಎರಡೂ ಪಟ್ಟಿ ಒಂದು ಮಾಡಿದಳು. ಪಟ್ಟಿ ಕೂಡಿಟ್ಟ ಡೇಟಾಬೇಸ್ ಈಗ ಇಂಟರ್ನೆಟ್ಟಿನ ಫೋಲ್ಡರಿನಲ್ಲಿ, ಎರಡೂ ಕಂಪ್ಯೂಟರಿಗೆ ಅದೇ. ಕೆಳಗೆ ಟಿಕ್ ಹಾಕಿದರೆ ಮೇಲೂ ಕಾಣುತ್ತದೆ. ಒಂದೊಂದೇ ಅಕ್ಷರ ಒತ್ತಿ ಟೈಪಿಂಗ್ ಕಲಿತವನು ನಾನು, ಬೆರಗಾದೆ.

"ಅಬ್ಬಾ, ಟಿಕ್ ಹಾಕಿದ ಕೂಡ್ಲೆ ಪಟ್ಟಿ ಬಂದ್ ಮಾಡ್ರಿ. ಇಬ್ಬರೂ ಒಮ್ಮೆಲೇ ತೆರದ್ರ ಎರಡು ಪ್ರತಿ ಆಗ್ತಾವ," ಎಂದಳು ಸೊಸೆ.

"ನಟ್ ಬಿಚ್ಚೂ ಒಂದ ಪಾನಾ ಇಬ್ಬರು ಮೆಕ್ಯಾನಿಕ್ ಹಿಡದಂಗ, ಹೌದಿಲ್ಲೋ?"

"ಹೂಂರಿ. ನಿಮಗ ಎಲ್ಲಾದ್ರಾಗೂ ಪಾನಾನ ಕಾಣತೈತಿ!"

ಸಿತಾರಾ ಅರ್ಧ ಬಾಯಿಯಲ್ಲಿ ನಕ್ಕಳು. ಖರೇ ನಕ್ಕಳು.

9 ಸೆಪ್ಟೆಂಬರ್

ಛಲೋ ನಡೆದಿದೆ. ಗ್ಯಾರೇಜಿನಲ್ಲಿ ನಲವತ್ತು ವರ್ಷ ಪಾಲಿಸಿದ ಪದ್ಧತಿಯೇ ಇಲ್ಲೂ. ಗಾಡಿ ಕೈಗೆತ್ತಿಕೊಂಡವನು ಮೊದಲು ಅದರ ಕೆಲಸ ಬರೆದ ಜಾಬ್ ಕಾರ್ಡಿಗೆ ಟಿಕ್ ಹಾಕಬೇಕು. ಆಮೇಲೆ ಅದನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ಐದಕ್ಕೆ ಚಹಾ ಆದೊಡನೆ ಸಂಜೆಯ ನನ್ನ ಕೆಲಸಗಳಿಗೆಲ್ಲ ಟಿಕ್. ಆರಕ್ಕೆ ಗುಳಿಗೆ. ಒಂದು ದಿನವೂ ತಪ್ಪಿಲ್ಲ. ಮಹೆಕ ಮೇಲಿನ ಕೋಣೆಯಲ್ಲಿ ಮಕ್ಕಳ ಟ್ಯೂಷನ್ ಮುಗಿಸಿ ಏಳಕ್ಕೆ ನೋಡುತ್ತಾಳೆ. ಟಿಕ್ ಇಲ್ಲದ್ದನ್ನು ಅವಳು ಮಾಡುತ್ತಾಳೆ.

17 ಸೆಪ್ಟೆಂಬರ್, ರಾತ್ರಿ 8

ಹಳೇ ಜೊತೆಗಾರ ಗುಲಾಬಸಾಬ ಬಾಗಿಲಿಗೇ ಬಂದ. ಟೆಂಪೊ ಒಂದರ ಗೇರ್‌ಬಾಕ್ಸ್ ಅವನ ಕೈಗೆ ಬಗ್ಗುತ್ತಿಲ್ಲ. "ಉಸ್ತಾದ, ನೀ ಬರದಿದ್ರ ಇದನ್ನ ಗುಜರಿಗೆ ಹಾಕೂದ." ಆಗಲೇ ಟಿಕ್ ಹಾಕಿಯಾಗಿತ್ತು. ಆರಕ್ಕೆ ಬಂದೇ ಬರುತ್ತೇನೆಂದು ಗ್ಯಾರೇಜಿಗೆ ಹೋದೆ. ಬಂದಾಗ ಏಳೂವರೆ.

"ಗುಳಿಗಿ?"

"ಎಲ್ಲಾ ಆಗೈತ್ರಿ ಅಬ್ಬಾ," ಅಡುಗೆಮನೆಯಿಂದ ಮಹೆಕ.

ಜೀವ ತಂಪಾಯಿತು.

19 ಸೆಪ್ಟೆಂಬರ್

ಗೇರ್‌ಬಾಕ್ಸ್ ಕೂತಿತು! ನಿನ್ನೆಯೂ ಇವತ್ತೂ ಏಳೂವರೆಯೇ ಆಯಿತು. ಮಹೆಕ ಇದ್ದಾಳಲ್ಲ... ಕೇಳಿದಾಗಲೆಲ್ಲ "ಆಗೈತ್ರಿ". ಹತ್ತು ವರ್ಷ ಸಣ್ಣವನಾದ ಹಾಗಿದೆ.

20 ಸೆಪ್ಟೆಂಬರ್

ಸಿತಾರಾ ಬೆಳಿಗ್ಗೆ ಏಳಲಿಲ್ಲ. ಈಗ ಬಲಗಡೆಯೂ. ಆಂಬುಲೆನ್ಸ್.

22 ಸೆಪ್ಟೆಂಬರ್, ಆಸ್ಪತ್ರೆ

ಗುಳಿಗೆ ತಪ್ಪಿತ್ತೇ ಎಂದು ಡಾಕ್ಟರ್ ಕೇಳಿದರು. ಅಕೀಬ ಮನೆಯಿಂದ ಸ್ಟ್ರಿಪ್ ತಂದು ಎಣಿಸಿದ. ಮೂರು ಹೆಚ್ಚಿದ್ದವು.

"ಟಿಕ್ ಬಿದ್ದಿತ್ತಲ್ಲಾ! ಮೂರೂ ದಿನ ಬಿದ್ದಿತ್ತು!" ಎಂದಳು ಮಹೆಕ.

"ತಾನಾಗೇ ಬೀಳತೈತೇನು? ಅಬ್ಬಾ ಗ್ಯಾರೇಜಿನ್ಯಾಗಿದ್ರು, ನಾ ಅಂಗಡ್ಯಾಗ. ಮನ್ಯಾಗಿದ್ದಾಕಿ ನೀನ. ಗುಳಿಗಿ ಕೊಡದ ಟಿಕ್ ಹಾಕಿ ಕೈ ತೊಳಕೊಂಡಿ!"

ಟಿಕ್ ಯಾರದೆಂದು ಪಟ್ಟಿ ಹೇಳುವುದಿಲ್ಲ. ನನ್ನ ಟಿಕ್ ನೋಡಿ ಅವಳು "ಆಗೈತ್ರಿ" ಎಂದಿದ್ದಳು. ಅವಳ ಮಾತು ಕೇಳಿ ನಾನು ಊಟಕ್ಕೆ ಕೂತಿದ್ದೆ. ಮೂರು ಸಂಜೆ. ಮಹೆಕ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಗಿದೆ. ಆದರೂ ನನ್ನ ಹೆಸರು ಎತ್ತಲಿಲ್ಲ.

ನಾನು ಗೋಡೆ ಕಡೆ ತಿರುಗಿದೆ.

25 ಸೆಪ್ಟೆಂಬರ್

ಸಿತಾರಾ ಹೋದಳು. ಇಳಿಹೊತ್ತಿನ ಅಸರ್ ನಮಾಜಾದ ಮೇಲೆ ಮಣ್ಣು ಕೊಟ್ಟೆವು.

6 ಅಕ್ಟೋಬರ್

ಬರೆಯಲಾಗಿರಲಿಲ್ಲ.

"ಅಮ್ಮಿನ ಕೊಂದಾಕಿ" ಎಂದುಬಿಟ್ಟ ಅಕೀಬ, ದುಃಖ ಕೇಳಲು ಬಂದವರ ಮುಂದೆಯೇ. ಮಹೆಕ ಲ್ಯಾಪ್‌ಟಾಪ್, ಎರಡು ಜೊತೆ ಬಟ್ಟೆ ತೆಗೆದುಕೊಂಡು ಕೆಲಗೇರಿಯ ತವರಿಗೆ ಹೊರಟಳು. ಹೊಸ್ತಿಲಲ್ಲಿ ನಿಂತು, "ಅಬ್ಬಾ, ನಿಮ್ಮ ಬಿಪಿ ಗುಳಿಗಿ ಕಪಾಟಿನ್ಯಾಗ ಇಟ್ಟೇನಿ. ಮರೀಬ್ಯಾಡ್ರಿ."

ಹೂಂ ಎಂದೆ. ಅಷ್ಟೇ ಅಂದೆ.

9 ಅಕ್ಟೋಬರ್

ಊಟದ ಹೊತ್ತಿನಲ್ಲಿ ಹೇಳಿದೆ.

"ಅಕೀಬ, ಆ ಟಿಕ್ ನಂದಪಾ. ಗ್ಯಾರೇಜಿನ ರೂಢಿ — ಕೆಲಸ ಹಿಡಿಯೂ ಮುಂಚೇನ ಹಾಕ್ತಿದ್ದೆ."

ತಟ್ಟೆ ಸರಿಸಿದ.

"ಮೂರು ದಿನ ತಪ್ಪಿದ್ದು... ಅದನ್ನ ಹೆಂಗಾರ ತಡಕೋತೇನಿ. ಆದ್ರ ನಾ ಆಕಿನ್ನ ಬೈಯೂಮುಂದ ನೀವು ಬಾಜೂಕ ನಿಂತಿದ್ರಿ ಅಬ್ಬಾ. ಬಾಜೂಕ!"

ಕೈ ತೊಳೆಯದೆಯೇ ಬೈಕ್ ಹತ್ತಿ ಕೆಲಗೇರಿಗೆ ಹೋದ.

10 ಅಕ್ಟೋಬರ್

ಒಬ್ಬನೇ ಬಂದ. ಅವಳು ಹೇಳಿದ್ದನ್ನು ನನಗೆ ಬೆನ್ನು ಮಾಡಿಯೇ ಹೇಳಿದ. "'ಅಬ್ಬಾ ಹೇಳಿದ ಮ್ಯಾಲೆ ನಂಬಿದ್ರಿ. ನಾ ಹೇಳಿದಾಗ ಯಾಕ ನಂಬಲಿಲ್ಲ?' ಅಂದ್ಳು."

12 ಅಕ್ಟೋಬರ್, ಸಂಜೆ 5

ಮಹೆಕ ನನ್ನ ಫೋನ್ ಎತ್ತುತ್ತಿಲ್ಲ. ಹಂಚಿಕೊಂಡ ಪಟ್ಟಿ ಮಾತ್ರ ಇನ್ನೂ ತೆರೆಯುತ್ತದೆ, ಅವಳ ಲ್ಯಾಪ್‌ಟಾಪಿನಲ್ಲೂ ಇರಬೇಕು. ಅಲ್ಲಿ ಒಂದು ಹೊಸ ಸಾಲು ಸೇರಿಸುತ್ತೇನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಮಹೆಕ ಬೇಟಿ, ಮೂರೂ ಟಿಕ್ ನನ್ನವು. ನೀನು ನನ್ನ ಮುಖ ನೋಡಿದಾಗ ನನಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ತಿರುಗಿಕೊಂಡೆ. ಅಂದು ದುಃಖ ಕೇಳಲು ಬಂದವರಿಗೆಲ್ಲ ನಾನೇ ಮನೆಮನೆಗೆ ಹೋಗಿ ಹೇಳುತ್ತಿದ್ದೇನೆ, ಇವತ್ತು ನಾಲ್ಕು ಮನೆ ಆಯಿತು. ವಾಪಸು ಬಾ ಎನ್ನುವ ಬಾಯಿ ನನಗಿಲ್ಲ. ಲಗೂ ಒಂದು ಸಾಲು ಬರೆ. ಬೈದಾದರೂ ಬರೆ. ಸುಮ್ಮನೆ ಮಾತ್ರ ಇರಬೇಡ, ನನ್ನ ಹಾಗೆ —