ಕೆಂಪು ಹೆದರಿದ ದಿನ

ನಾರಿನ್, ಅಕ್ಟೋಬರ್ ೯

ಪ್ರೀತಿಯ ಅಜ್ಜಿ,

ನೀನು ಒಣಹಾಕಿರುವ ಮಂಜಿಷ್ಠದ ಬೇರು ಒಂದು ಚೀಲ ಬೇಕು. ಶಾಲೆಗೆ. ನಗಬೇಡ.

ಈ ವರ್ಷ ರಸಾಯನಶಾಸ್ತ್ರದ ಸೈರಾ ಟೀಚರ್, ಚಿತ್ರಕಲೆ ಟೀಚರ್ ಇಬ್ಬರೂ ಒಟ್ಟಿಗೇ ಪಾಠ ಮಾಡುತ್ತಾರೆ. ಮೊನ್ನೆ ಅದೇ ಬೇರನ್ನು ಕುದಿಸಿ ಉಣ್ಣೆಗೆ ಬಣ್ಣ ಹಾಕಿದೆವು. ಎಲ್ಲರದೂ ಕೆಂಪಾಯಿತು, ನಮ್ಮ ಗುಂಪಿನದು ಮಾತ್ರ ಕಂದು.

"ಯಾಕೆ ಹೀಗಾಯ್ತು?" ಅಂದರು ಸೈರಾ ಟೀಚರ್.

ನಮ್ಮ ಪಾತ್ರೆ ತುಕ್ಕು ಹಿಡಿದ ಕಬ್ಬಿಣದ್ದು. "ಕಬ್ಬಿಣ ಆಚೆಗಿಡೇ, ಕೆಂಪು ಹೆದ್ರುತ್ತೆ ಅಂತ ಬೈತಾಳೆ ನಮ್ಮಜ್ಜಿ" ಎಂದುಬಿಟ್ಟೆ. ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. ನಿನ್ನ ಮಾತನ್ನು ಬೋರ್ಡಿನ ಮೇಲೆ ಬರೆದು, ಅದು ಯಾಕೆ ನಿಜ ಎಂದು ಅದರಡಿಯಲ್ಲೇ ವಿವರಿಸಿದರು. ಆಮೇಲೆ, "ಇನ್ನೂ ಏನೇನ್ ಹೇಳ್ತಾರೆ ನಿಮ್ಮಜ್ಜಿ?" ಎಂದು ಕೇಳಿದರು. ಮೂರು ವರ್ಷ ರಸಾಯನಶಾಸ್ತ್ರದ ತರಗತಿಯಲ್ಲಿ ಕಿಟಕಿಯಾಚೆ ನೋಡುತ್ತಾ ಕೂತವಳು ನಾನು. ಅವತ್ತು ಗಂಟೆ ಹೊಡೆದದ್ದೇ ತಿಳಿಯಲಿಲ್ಲ.

ಬೇರನ್ನು ಬಸ್ಸಿನವನ ಕೈಲಿ ಕಳಿಸಬೇಡ, ನೀನೇ ತಾ. ಶುಕ್ರವಾರ ಪಾಠ ಮಾಡುವವಳು ನೀನಂತೆ.

ಹೋದ ಸಲ ಪೋಷಕರ ಸಭೆಗೆ ಬಂದಾಗ, ಚಳಿ ಎಂದು ಹೇಳಿ ಬಣ್ಣ ಹಾಕಿ ಹಾಕಿ ಕೆಂಪಾದ ನಿನ್ನ ಬೆರಳುಗಳಿಗೆ ನಾನೇ ಕೈಗವಸು ತೊಡಿಸಿದ್ದೆ. ಅವತ್ತು ಚಳಿ ಇರಲಿಲ್ಲ, ಅಜ್ಜಿ.

ಈ ಸಲ ಅವನ್ನು ಮನೆಯಲ್ಲೇ ಬಿಟ್ಟು ಬಾ.

ನಿನ್ನ ಮೊಮ್ಮಗಳು,
ಜಿಪಾರ್